ಫ್ಲೋರಿಸನ ಮದ್ದು, ಹೆಸ್ಟರಳ ಮರಿಗಳು

ಏಳನೆಯ ಕಿವಿ ಬಂದಾಗ ಹೆಸ್ಟರ್ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದಳು. ಕುರಿ ಕಾಯುವ ಆಪೋಲ್ಸ್ ಮಾವ ಹಿಂಬಾಗಿಲಲ್ಲಿ ನಿಂತು ಟೋಪಿ ತೆಗೆದರು, ಕೋಟಿನ ಜೇಬಿಗೆ ಕೈಹಾಕಿ ಅದನ್ನು ಹೊರತೆಗೆದರು, ಕಿಟಕಿಯ ಕಟ್ಟೆಯ ಮೇಲೆ ಮಿಕ್ಕ ಆರರ ಪಕ್ಕದಲ್ಲಿ ಇಟ್ಟರು. ಸತ್ತ ಮರಿಯ ಗುರುತಿನ ಕಿವಿ ಕೊಯ್ದು ತಂದು ಯಜಮಾನಿಯ ಕಣ್ಣಿಗೆ ತೋರಿಸುವುದು ಅವರ ಕಾಲದವರ ಪದ್ಧತಿ. ಬಾಯಿಮಾತಿನಲ್ಲಿ ಮರಿ ಸಾಯುವುದನ್ನು ಅವರು ಒಪ್ಪುವವರಲ್ಲ. ಹೋದ ವಾರವಷ್ಟೇ ಹೆಸ್ಟರ್ ತನ್ನ ಕೈಯಾರೆ ಅಂಚು ಕತ್ತರಿಸಿ ಗುರುತು ಹಾಕಿದ್ದ ಕಿವಿ ಅದು. ಆ ಗುರುತಿನ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ.

"ಅದೇ ನರಿ," ಅಂದರು ಮಾವ. "ಮೇಲಿನ ಬಾವಿ ಹತ್ರ. ಬೆಳಗಿನ ಜಾವ ಬಂದಿರ್ಬೇಕು, ಮರಿ ಇನ್ನೂ ಸೆಟೆದಿರ್ಲಿಲ್ಲ."

ಅಡುಗೆಮನೆಗೆ ಅಂಟಿಕೊಂಡ ಉಗ್ರಾಣದಿಂದ ಹೆಸ್ಟರಳ ಗಂಡ ಫ್ಲೋರಿಸ್ ಕೂಗಿ ಹೇಳಿದ್ದು ಇಷ್ಟೇ: ಹಿಂಬಾಗಿಲು ಹಾಕಿ, ಗಾಳಿಗೆ ತಕ್ಕಡಿ ಅಲ್ಲಾಡುತ್ತಿದೆ.

ಆ ಉಗ್ರಾಣ ಒಂದು ಕಾಲಕ್ಕೆ ಹೆಸ್ಟರಳದಾಗಿತ್ತು. ಏಪ್ರಿಕಾಟಿನ ಜಾಮು, ಉಪ್ಪಿನಲ್ಲಿಟ್ಟ ಮಾಂಸ, ಕಾಫಿಯಲ್ಲಿ ಅದ್ದುವ ರಸ್ಕಿನ ಡಬ್ಬಗಳು ಅಲ್ಲಿ ಸಾಲಾಗಿ ಕೂತಿದ್ದವು. ಈಗ ಅವೆಲ್ಲ ಮೂಲೆ ಸೇರಿ, ನಡುವಿನ ಮೇಜಿನ ಮೇಲೆ ಕೋವಿಯ ಹಿತ್ತಾಳೆಯ ಖಾಲಿ ತೋಟೆಗಳು ನಿಂತಿದ್ದವು. ಫ್ಲೋರಿಸ್ ಚಿಮುಟದ ತುದಿಯಲ್ಲಿ ಕೋವಿಮದ್ದಿನ ಒಂದೇ ಒಂದು ಕಾಳನ್ನು ಹಿಡಿದು, ಅದನ್ನು ತಕ್ಕಡಿಗೆ ಹಾಕುವುದೋ ಬೇಡವೋ ಎಂದು ಉಸಿರು ಕಟ್ಟಿ ಯೋಚಿಸುತ್ತಿದ್ದ. ಏಳು ಮರಿ ಹೋದ ಮನೆಯಲ್ಲಿ ಅಲ್ಲಾಡಬಾರದ ವಸ್ತು ಅದೊಂದೇ ಅನ್ನುವ ಹಾಗೆ.

"ಏಳು ಆಯ್ತು, ಫ್ಲೋರಿಸ್," ಅಂದಳು ಹೆಸ್ಟರ್.

"ಕೇಳಿಸ್ತು."

"ಇವತ್ತು ಮಂಗಳವಾರ."

ಅದೂ ಕೇಳಿಸಿತು ಎಂದು ಅವನು ತಲೆಯಾಡಿಸಿದ. ಕಾಳನ್ನು ವಾಪಸು ಡಬ್ಬಕ್ಕೆ ಹಾಕಿದ.

ಮಂಗಳವಾರದ ಮಾತು ಯಾಕೆಂದರೆ, ಪಕ್ಕದ ಜಮೀನಿನ ವೈನಾಂಟ್ ಶನಿವಾರದ ಗಡುವು ಕೊಟ್ಟಿದ್ದ. ನರಿ ಅವನ ಮರಿಗಳನ್ನೂ ಬಿಟ್ಟಿರಲಿಲ್ಲ. ಶನಿವಾರದೊಳಗೆ ನೀವು ಹೊಡೆಯದಿದ್ದರೆ ಅವತ್ತು ಸಂಜೆ ಬೇಲಿಯ ಉದ್ದಕ್ಕೂ ವಿಷದ ಮಾಂಸ ಇಡುತ್ತೇನೆ, ನನ್ನ ಕಡೆಯ ಬೇಲಿಯಲ್ಲಿ ನಾನೇನು ಬೇಕಾದರೂ ಇಡಬಹುದು, ಹೆಸ್ಟರತ್ತೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ್ದ. ಬೇಲಿ ಮನುಷ್ಯರಿಗೆ. ನಾಯಿಗೂ ಹದ್ದಿಗೂ ಅದು ಯಾರ ಕಡೆ ಎಂದು ಹೇಗೆ ಗೊತ್ತಾಗಬೇಕು? ಒಂಬತ್ತು ವರ್ಷದ ಹಿಂದೆ ಹೆಸ್ಟರಳ ಮಾವ, ಫ್ಲೋರಿಸನ ತಂದೆ, ಇಟ್ಟ ಅಂಥದೇ ಒಂದು ತುಂಡನ್ನು ಅವಳ ನಾಯಿ ಬ್ಲೆಸ್ ತಿಂದುಬಂದಿತ್ತು. ಅದು ಅವಳ ಮಡಿಲಲ್ಲಿ ಮುಕ್ಕಾಲು ಗಂಟೆ ಒದ್ದಾಡಿ ಸತ್ತಿತು. ಅವತ್ತೇ ಗಂಡಹೆಂಡಿರು ಈ ನೆಲದಲ್ಲಿ ಇನ್ನು ವಿಷ ಇಡುವುದಿಲ್ಲ ಎಂದು ಮಾತಾಡಿಕೊಂಡಿದ್ದರು. ಈಗ ಆಪೋಲ್ಸ್ ಮಾವನ ಎರಡು ನಾಯಿಗಳು ದಿನಾ ಆ ಬೇಲಿಯ ಗುಂಟ ಓಡಾಡುತ್ತವೆ. ಮಂದೆಯಾದರೋ ಹೆಸ್ಟರಳ ತಾಯಿಯದು. ಅವಳು ಮದುವೆಯಾಗಿ ಬರುವಾಗ ಮೂವತ್ತು ಕುರಿಗಳು ಹಿಂದೆ ಬಂದವು. ಆ ಕುರಿಗಳನ್ನು ಇನ್ನೊಬ್ಬರನ್ನು ನಂಬಿ ಬಿಡಲಾರದೆ ಆಪೋಲ್ಸ್ ಮಾವನೂ ಬಂದರು. ಶನಿವಾರದೊಳಗೆ ನರಿ ಬೀಳಬೇಕು. ಇಲ್ಲದಿದ್ದರೆ ಮರಿಗಳು ಹೋಗುತ್ತವೆ, ಇಲ್ಲವೇ ನಾಯಿಗಳು.

ಇಷ್ಟಾಗಿ, ಸುತ್ತ ಮೂವತ್ತು ಮೈಲಿಯಲ್ಲಿ ಫ್ಲೋರಿಸ್ ಲಾಟೆಗನ್ನನಷ್ಟು ಗುರಿಕಾರ ಇನ್ನೊಬ್ಬನಿಲ್ಲ. ಹೆಸ್ಟರಳಿಗೆ ಪಿತ್ತ ನೆತ್ತಿಗೇರುತ್ತಿದ್ದುದು ಅದಕ್ಕೇ.

ಎಲ್ಲ ಶುರುವಾದದ್ದು ಹೋದ ಬೇಸಿಗೆಯಲ್ಲಿ. ಮೂವತ್ತು ವರ್ಷದಿಂದ ಅವನು ತುಂಬುತ್ತಿದ್ದ ಹಳೆಯ ಮದ್ದು ಬರುವುದು ನಿಂತುಹೋಯಿತು. ಬೇರೆಯವರಾಗಿದ್ದರೆ ಸದರ್ಲೆಂಡಿನ ಅಂಗಡಿಗೆ ಹೋಗಿ ಒಂದು ಪೆಟ್ಟಿಗೆ ಸಿದ್ಧ ತೋಟೆ ತಂದು ಸುಮ್ಮನಾಗುತ್ತಿದ್ದರು. ಹೆಸ್ಟರ್ ಹಾಗೆಂದು ಹೇಳಿಯೂ ನೋಡಿದಳು. ಅದು ಇನ್ನೊಬ್ಬರ ಹಲ್ಲಿನ ಸೆಟ್ಟು ಹಾಕಿಕೊಂಡು ಊಟ ಮಾಡು ಅಂದಹಾಗಾಯಿತು ಎಂದು ಫ್ಲೋರಿಸ್ ಹೇಳಿದ. ಪ್ರತಿ ಕೋವಿಗೂ ಅದರದೇ ನಾಲಗೆ ಇರುತ್ತದಂತೆ, ಅದರ ರುಚಿಗೆ ಒಗ್ಗುವ ಮದ್ದನ್ನು ನಾವೇ ಹುಡುಕಿ, ನಾವೇ ತೂಗಿ, ನಾವೇ ತುಂಬಬೇಕಂತೆ.

ಹುಡುಕಿದ. ಮೂರು ಬಗೆಯ ಮದ್ದು ಮನೆಗೆ ಬಂತು: ಒಂದು ಬೇಗ ಉರಿಯುವುದು, ಒಂದು ನಿಧಾನ ಉರಿಯುವುದು, ಒಂದು ನಡುವಿನದು. ಹೆಸ್ಟರ್ ಅವುಗಳನ್ನು ಅವಸರದವಳು, ಸಮಾಧಾನದವಳು, ನಡುಮನೆಯವಳು ಎಂದು ಕರೆದಳು, ಯಾಕೆಂದರೆ ಗಂಡ ಅವುಗಳ ಜೊತೆ ಕಳೆಯುತ್ತಿದ್ದ ಹೊತ್ತಿನ ಕಾಲು ಭಾಗವನ್ನೂ ತನ್ನ ಜೊತೆ ಕಳೆಯುತ್ತಿರಲಿಲ್ಲ. ಫೆಬ್ರವರಿ, ಮಾರ್ಚ್ ಎರಡು ತಿಂಗಳು ಪೂರ್ತಿ, ಉಣ್ಣೆ ಕತ್ತರಿಸುವ ಕೆಲಸ ಮುಗಿದು ಮಿಕ್ಕವರೆಲ್ಲ ಮಧ್ಯಾಹ್ನ ಮಲಗುವ ಹೊತ್ತಿಗೆ, ಅವನು ಜಗುಲಿಯ ಮೇಜಿನಲ್ಲಿ ಕೋವಿ ಊರಿಕೊಂಡು ಮುನ್ನೂರು ಹೆಜ್ಜೆ ಆಚೆಯ ಹಲಗೆಗೆ ಐದೈದು ಗುಂಡು ಹಾರಿಸುತ್ತಿದ್ದ. ಐದು ತೂತೂ ಒಂದು ಐದು ರ‍್ಯಾಂಡಿನ ನಾಣ್ಯದಡಿ ಮುಚ್ಚಿಹೋಗಬೇಕು ಎನ್ನುವುದು ಅವನ ಹಠ. ನಾಲ್ಕು ಒಳಗೆ ಬಿದ್ದು ಐದನೆಯದು ಕೂದಲೆಳೆಯಷ್ಟು ಹೊರಗೆ ಹೋದರೆ ಅವತ್ತಿನ ಊಟ ಯಾರಿಗೂ ರುಚಿಸುತ್ತಿರಲಿಲ್ಲ. ಅವಸರದವಳು ಮೇಲೆ ಕೆಳಗೆ ಚದುರಿಸಿದಳು. ಸಮಾಧಾನದವಳನ್ನು ತೋಟೆಯಲ್ಲಿ ಹಿಡಿಸುವಷ್ಟು ತುಂಬಿದರೂ ಗುಂಡಿಗೆ ವೇಗ ಸಾಲಲಿಲ್ಲ. ಕೊನೆಗೆ ಮಾರ್ಚ್ ಮುಗಿಯುವ ಹೊತ್ತಿಗೆ ನಡುಮನೆಯವಳು ಒಲಿದಳು. ಫ್ಲೋರಿಸ್ ಹಲಗೆಯನ್ನೇ ಕಿತ್ತುಕೊಂಡು ಅಡುಗೆಮನೆಗೆ ಬಂದು ತೂತುಗಳ ಮೇಲೆ ನಾಣ್ಯ ಇಟ್ಟು ತೋರಿಸಿದ. ಹೆಸ್ಟರ್ ಆಗ ಸೌತೆಕಾಯಿ ಹೆಚ್ಚುತ್ತಿದ್ದವಳು ನೋಡಿ, ಚೆನ್ನಾಗಿದೆ ಅಂದಳು. ಚೆನ್ನಾಗಿತ್ತು ಕೂಡ. ಅದರಲ್ಲಿ ಸುಳ್ಳೇನಿಲ್ಲ.

ಆಗಸ್ಟಿನ ಚಳಿಗಾಲದಲ್ಲಿ ಮರಿಗಳು ಹುಟ್ಟಿದವು, ನರಿ ಬಂತು. ಬಾವಿಯ ಎದುರಿನ ಕಲ್ಲುದಿಬ್ಬದ ಮೇಲೆ ಸೂರ್ಯ ಮೂಡುವ ಮುಂಚೆ ಅದು ಹಾದುಹೋಗುತ್ತದೆ ಎಂದು ಆಪೋಲ್ಸ್ ಮಾವ ಹೆಜ್ಜೆ ನೋಡಿ ಹೇಳಿದರು. ಫ್ಲೋರಿಸ್ ಹೋಗಿ ಹೊಂಚಿ ಮಲಗಿದ. ಮುನ್ನೂರು ಹೆಜ್ಜೆ, ಗಾಳಿಯಿಲ್ಲ, ನರಿ ಅಡ್ಡಕ್ಕೆ ನಿಂತಿತ್ತು. ಹೊಡೆದ. ಅದರ ಹೊಟ್ಟೆಯ ಕೆಳಗೆ ಮಣ್ಣು ಎದ್ದಿತು, ನರಿ ಹಾರಿ ಹೋಯಿತು. ನಾಲ್ಕು ದಿನ ಬಿಟ್ಟು ಮತ್ತೆ ಸಿಕ್ಕಿತು. ಮತ್ತೆ ಹೊಟ್ಟೆಯ ಕೆಳಗೇ ಮಣ್ಣು.

ಅವತ್ತಿನಿಂದ ಅವನು ಉಗ್ರಾಣ ಬಿಟ್ಟು ಹೊರಬಂದಿರಲಿಲ್ಲ. ಪ್ರತಿ ತೋಟೆಯನ್ನೂ ಮತ್ತೆ ಬಿಚ್ಚಿದ, ಪ್ರತಿ ಕಾಳನ್ನೂ ಮತ್ತೆ ತೂಗಿದ, ತುಂಬಿದ ಮೇಲೆ ಇಡೀ ತೋಟೆಯನ್ನು ಇನ್ನೊಮ್ಮೆ ತೂಗಿದ. ಕೋವಿಯ ತಿರುಪುಗಳನ್ನು ಬಿಗಿದ, ದುರ್ಬೀನನ್ನು ಕಳಚಿ ಜೋಡಿಸಿದ. ನನ್ನ ಕಣ್ಣು ಹೋಯಿತೇನೋ ಎಂದು ಒಂದು ಸಂಜೆ ಗೋಡೆಯ ಕ್ಯಾಲೆಂಡರನ್ನು ದೂರ ನಿಂತು ಓದಿದ. ಈ ನಡುವೆ ಕಿಟಕಿಯ ಕಟ್ಟೆಯ ಮೇಲೆ ಕಿವಿಗಳು ಹೆಚ್ಚುತ್ತಿದ್ದವು.

ಬುಧವಾರ ಮಧ್ಯಾಹ್ನ ಅವನು ಪಿಕಪ್ಪಿನಲ್ಲಿ ಹಲಗೆ ಹೇರಿಕೊಂಡು ದಿಬ್ಬದ ಕಡೆಗೇ ಹೋದ. ಹೆಸ್ಟರಳೂ ಹೋದಳು, ಆಪೋಲ್ಸ್ ಮಾವನೂ ಬಂದರು. ತೋಟೆಯ ಕರಿ ಪೆಟ್ಟಿಗೆಯನ್ನು ಪಿಕಪ್ಪಿನ ಮೂತಿಯ ಮೇಲೆ ಬಿಸಿಲಲ್ಲಿಟ್ಟು, ಹಲಗೆ ನೆಟ್ಟು ಬರಲು ನಡೆದ. ವಾಪಸು ಬಂದು ಐದು ಹಾರಿಸಿದ. ಐದೂ ಹಲಗೆಯ ನಡುವೆ ನಾಣ್ಯದಡಿ. ಅವನ ಮುಖ ನೋಡಬೇಕಿತ್ತು. ಗೆದ್ದವನ ಮುಖವಲ್ಲ; ಕಳ್ಳನನ್ನು ಹಿಡಿದುಕೊಂಡು ಬಂದರೆ ಅವನ ಜೇಬಿನಲ್ಲಿ ಏನೂ ಸಿಗದವನ ಮುಖ.

ಆಪೋಲ್ಸ್ ಮಾವ ಕೆಮ್ಮಿದರು. "ಫ್ಲೋರಿಸಪ್ಪ, ನಂಗೆ ಕೋವಿ ವಿಷ್ಯ ಗೊತ್ತಿಲ್ಲ. ಎರಡು ಸಲಾನೂ ಗುಂಡು ಅದರ ಹೊಟ್ಟೆ ಕೆಳಗೇ ಹೋಯ್ತು. ಹಂಗಿದ್ಮೇಲೆ ಒಂದು ಗೇಣು ಮೇಲೆ ಇಟ್ಟು ಹೊಡೀಬಾರ್ದಾ?"

"ಯಾಕೆ ಕೆಳಗೆ ಹೋಯ್ತು ಅಂತ ಗೊತ್ತಿಲ್ದೆ ಮೇಲೆ ಇಡೋಕೆ ಆಗಲ್ಲ, ಮಾವ."

"ಗೊತ್ತಾಗೋ ಹೊತ್ತಿಗೆ ನಮ್ಮ ಕುರಿ ದೊಡ್ಡಿ ಖಾಲಿ ಆಗಿರುತ್ತೆ."

"ಅಂದಾಜಲ್ಲಿ ಹೊಡೆಯೋನು ನಾನಲ್ಲ," ಅಂದ ಫ್ಲೋರಿಸ್, ಮತ್ತೆ ಯಾರ ಮುಖವನ್ನೂ ನೋಡದೆ ತೋಟೆ ಎತ್ತಿಟ್ಟ.

ಅದು ಯಾಕೆಂದು ಹೆಸ್ಟರಳಿಗೆ ಗೊತ್ತಿತ್ತು, ಅದೇ ತಾಪತ್ರಯ. ಮದುವೆಯಾದ ಮೊದಲ ವರ್ಷ ಫ್ಲೋರಿಸ್ ಒಂದು ಸ್ಪ್ರಿಂಗ್‌ಬಾಕ್ ಜಿಂಕೆಗೆ ಅಂದಾಜಿನಲ್ಲಿ ಹೊಡೆದಿದ್ದ. ಗುಂಡು ದವಡೆ ಒಡೆದು ಹೋಗಿತ್ತು. ಹನ್ನೊಂದು ದಿನ ಹುಡುಕಿ, ಹನ್ನೆರಡನೆಯ ದಿನ ಕೆರೆಯ ದಂಡೆಯಲ್ಲಿ ಅದು ಸಿಕ್ಕಾಗ ಇನ್ನೂ ಜೀವವಿತ್ತು, ಮೇಯಲು ಬಾಯಿ ಇರಲಿಲ್ಲ. ಇಪ್ಪತ್ತಾರು ವರ್ಷದ ಗಂಡಸು ಅವತ್ತು ಸಣ್ಣ ಮಗುವಿನ ಹಾಗೆ ಅತ್ತದ್ದನ್ನು ಅವಳು ನೋಡಿದ್ದಳು. ಆಮೇಲೇ ಈ ತಕ್ಕಡಿ, ಈ ಚಿಮುಟ, ಈ ನಾಣ್ಯ. ಹಾಗಾಗಿ ಸಿಟ್ಟು ಬಂದರೂ ಪೂರ್ತಿ ಸಿಟ್ಟು ಮಾಡುವ ಹಾಗಿಲ್ಲ. ಪೂರ್ತಿ ಸಿಟ್ಟು ಮಾಡಲಾಗದ ಗಂಡನಷ್ಟು ಸಿಟ್ಟು ಬರಿಸುವ ವಸ್ತು ಈ ಲೋಕದಲ್ಲಿ ಬೇರೆ ಇಲ್ಲ.

ಗುರುವಾರ ಬೆಳಗಿನ ಜಾವ ಅವನು ಮತ್ತೆ ಹೋಗಿ ಮಲಗಿದ. ಹೊಟ್ಟೆಯ ಕೆಳಗೆ ಮಣ್ಣು. ಎಂಟನೆಯ ಕಿವಿ.

ಆ ಬೆಳಿಗ್ಗೆಯೇ ಆಪೋಲ್ಸ್ ಮಾವ ಕಿವಿಯ ಜೊತೆಗೆ ಕೋಟಿನೊಳಗೆ ಒಂದು ಮರಿಯನ್ನೂ ತಂದಿದ್ದರು. ತಾಯಿಯಿಂದ ತಪ್ಪಿಹೋಗಿ ಹೆಪ್ಪುಗಟ್ಟಿದ ಇಬ್ಬನಿಯಲ್ಲಿ ಬಿದ್ದುಕೊಂಡಿತ್ತಂತೆ. ಕಾಲುಗಳು ಕೋಲಿನಂತಾಗಿದ್ದವು, ಬಾಯೊಳಗೆ ಬೆರಳಿಟ್ಟರೆ ಬಾವಿಯ ನೀರಿನಷ್ಟು ತಣ್ಣಗೆ. ಹೆಸ್ಟರ್ ಯಾವಾಗಲೂ ಮಾಡುವುದನ್ನೇ ಮಾಡಿದಳು: ಹಳೆಯ ಟವೆಲಿನಲ್ಲಿ ಸುತ್ತಿ, ಕಲ್ಲಿದ್ದಲ ಒಲೆಯ ಪಕ್ಕದ ರೊಟ್ಟಿ ಬೆಚ್ಚಗಿಡುವ ಗೂಡಿನಲ್ಲಿ ಮಲಗಿಸಿ, ಬಾಗಿಲನ್ನು ಅರ್ಧ ತೆರೆದಿಟ್ಟಳು. ಆ ಗೂಡಿನಲ್ಲಿ ಅವಳು ಬದುಕಿಸಿದ ಮರಿಗಳಿಗೆ ಲೆಕ್ಕವಿಲ್ಲ. ಮೊದಲು ಏನೂ ಇಲ್ಲ. ಅರ್ಧ ಗಂಟೆಗೆ ಒಂದು ಕಿವಿ ಅಲ್ಲಾಡಿತು. ಒಂದು ಗಂಟೆಗೆ ಅದು ಗೂಡಿನ ತಗಡನ್ನು ಒದೆಯುತ್ತ ಹಾಲಿಗೆ ಅರಚಿತು.

"ಅದೇ ಮರಿ," ಅಂದರು ಆಪೋಲ್ಸ್ ಮಾವ, ಕಾಫಿಯಲ್ಲಿ ರಸ್ಕು ಅದ್ದುತ್ತ. "ಬಿಸಿ ಸೋಕೋವರೆಗೆ ಸತ್ತ ಹಾಗೆ ಬಿದ್ದಿತ್ತು ನೋಡಿ."

ಹೆಸ್ಟರ್ ಮರಿಗೆ ಬಾಟಲಿ ಹಿಡಿದಿದ್ದವಳು ಹಾಗೇ ನಿಂತಳು. ಬಾಟಲಿಯನ್ನು ಮಾವನ ಕೈಗೆ ಕೊಟ್ಟು ಮನೆಯ ಒಳಗೇ ಹಿಂಬದಿಗಿದ್ದ ಓಣಿಗೆ ಹೋದಳು. ಮನೆಯಲ್ಲಿ ಅಷ್ಟು ತಣ್ಣನೆಯ ಜಾಗ ಬೇರೆ ಇಲ್ಲ. ಅಲ್ಲಿನ ಬಕೆಟಿನ ನೀರು ಚಳಿಗಾಲದಲ್ಲಿ ರಾತ್ರಿಯೆಲ್ಲ ಹೆಪ್ಪುಗಟ್ಟಿರುತ್ತದೆ. ಕೋವಿಯ ಕಬ್ಬಿಣದ ಪೆಟ್ಟಿಗೆ ಇದ್ದದ್ದು ಅಲ್ಲೇ, ಫ್ಲೋರಿಸ್ ಆಗತಾನೇ ವಾಪಸು ಬಂದು ಬೀಗ ಹಾಕುತ್ತಿದ್ದ. ಅವಳು ಅವನ ಕೈಯಿಂದ ಒಂದು ತೋಟೆ ಕಿತ್ತುಕೊಂಡು ಕೆನ್ನೆಗೆ ಒತ್ತಿ ನೋಡಿದಳು. ಹಲ್ಲು ಜುಮ್ಮೆಂದಿತು.

"ನಿನ್ನ ಪುಸ್ತಕ ಎಲ್ಲಿ?" ಅಂದಳು.

ಫ್ಲೋರಿಸನ ಹತ್ತಿರ ಒಂದು ಪುಸ್ತಕವಿತ್ತು. ಪ್ರತಿ ಐದು ಗುಂಡಿಗೂ ಒಂದು ಪುಟ, ಪುಟದ ನೆತ್ತಿಯಲ್ಲಿ ದಿನ, ಗಾಳಿ, ಬಿಸಿ, ಕೆಳಗೆ ಮದ್ದಿನ ತೂಕ, ಅದರ ಕೆಳಗೆ ಐದು ಚುಕ್ಕಿ. ಅಷ್ಟು ಬರೆದಿಟ್ಟ ಮನುಷ್ಯ ಆರು ತಿಂಗಳಿಂದ ನೋಡುತ್ತಿದ್ದದ್ದು ಚುಕ್ಕಿಗಳನ್ನು ಮಾತ್ರ. ಹೆಸ್ಟರ್ ಮಾರ್ಚಿನ ಪುಟ ತೆಗೆದು ನೆತ್ತಿಯ ಮೇಲೆ ಬೆರಳಿಟ್ಟಳು. ಗಾಳಿ: ಇಲ್ಲ. ಬಿಸಿ: ಮೂವತ್ತೇಳು.

"ಇವತ್ತು ಬೆಳಿಗ್ಗೆ ಎಷ್ಟಿತ್ತು?"

"ಸೊನ್ನೆಗಿಂತ ಆರು ಕೆಳಗೆ," ಅಂದ ಫ್ಲೋರಿಸ್. ನಿನ್ನೆ ಮಧ್ಯಾಹ್ನ ಬಿಸಿಲಲ್ಲಿ ಕಾದಿದ್ದ ಕರಿ ಪೆಟ್ಟಿಗೆ ಅವನ ಕಣ್ಣ ಮುಂದೆ ಬಂದಿರಬೇಕು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. "ಹಳೇ ಮದ್ದಿಗೆ ಬೇಸಿಗೇನೂ ಒಂದೇ, ಚಳಿಗಾಲಾನೂ ಒಂದೇ. ಮೂವತ್ತು ವರ್ಷ ಬಿಸಿಯನ್ನ ಬರೆದೆ, ಹೆಸ್ಟರ್, ಒಂದು ದಿನಾನೂ ಅದು ಬೇಕಾಗ್ಲಿಲ್ಲ. ಇದು ಬೇರೆ ಜಾತಿ. ಚಳೀಲಿ ಮಂಕಾಗುತ್ತೆ. ಗುಂಡು ನಿಧಾನ ಹೋಗಿ ಕೆಳಗೆ ಬೀಳುತ್ತೆ."

ಸರಿ, ಗೊತ್ತಾಯಿತಲ್ಲ ಎಂದು ಹೆಸ್ಟರ್ ನಿಟ್ಟುಸಿರು ಬಿಟ್ಟಳು. ಅವಳ ಉಸಿರು ಪೂರ್ತಿ ಹೊರಬರುವ ಮೊದಲೇ ಫ್ಲೋರಿಸನ ಮುಖ ಬೆಳಗಿತು. ಇದಕ್ಕೆ ಚಳಿಗಾಲದ ಅಳತೆಯೇ ಬೇರೆ ಹುಡುಕಬೇಕು, ಬೆಳಗಿನ ಜಾವದಲ್ಲೇ ಹಾರಿಸಿ ನೋಡಬೇಕು, ಒಂದೊಂದು ಅಳತೆಗೂ ಐದು ಗುಂಡು, ದಿನಕ್ಕೊಂದು ಅಳತೆಯೆಂದರೂ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಖಂಡಿತ ಸಿಗುತ್ತದೆ ಎಂದು ವಿವರಿಸತೊಡಗಿದ. ಬೆಂಕಿ ಬಿದ್ದ ಮನೆಯಲ್ಲಿ ಬಾವಿ ತೋಡುವವರ ಬಗ್ಗೆ ಹೆಸ್ಟರ್ ಕೇಳಿದ್ದಳು. ಬಾವಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ ಅನ್ನುವವನನ್ನು ಈಗ ಕಂಡಳು.

"ಸೆಪ್ಟೆಂಬರ್," ಅಂದಳು. "ಶನಿವಾರ ವೈನಾಂಟ್ ಬರ್ತಾನೆ. ಆ ಮದ್ದಿಗೆ ಮೂವತ್ತೇಳು ಬೇಕು ಅಲ್ವಾ? ಮನುಷ್ಯರ ಮೈ ಬಿಸಿ ಎಷ್ಟಿರುತ್ತೆ, ಫ್ಲೋರಿಸ್?"

ಅವನು ಮತ್ತೆ ಪುಸ್ತಕ ನೋಡಿದ.

ಅಲ್ಲಿಗೆ ಮುಗಿಯಬೇಕಿತ್ತು. ಫ್ಲೋರಿಸನ ಮನೆಯಲ್ಲಿ ಯಾವುದೂ ಅಲ್ಲಿಗೆ ಮುಗಿಯುವುದಿಲ್ಲ. ಶುಕ್ರವಾರ ಸಂಜೆ ಅವನು ಕುರಿಗಳಿಗೆ ಜ್ವರ ನೋಡುವ ಥರ್ಮಾಮೀಟರ್ ಹಿಡಿದುಕೊಂಡು ಬಂದ. ಅಂದಾಜಿನಲ್ಲಿ ಮೂವತ್ತೇಳು ಅಂದರೆ ಆಗುವುದಿಲ್ಲವಂತೆ. ಮೊದಲು ತನ್ನ ಕಂಕುಳಲ್ಲಿ ಇಟ್ಟು ನೋಡಿದ, ಮೂವತ್ತೈದೂವರೆ ಬಂತು. ಹೆಸ್ಟರಳಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಮೂವತ್ತೊಂದು ವರ್ಷ ಆ ಮನುಷ್ಯನ ಮೀನಿನಂಥ ಪಾದಗಳು ಅವಳ ಕಾಲಿಗೆ ಅಂಟಿಕೊಂಡೇ ನಿದ್ದೆ ಮಾಡಿವೆ. ಆಮೇಲೆ ಥರ್ಮಾಮೀಟರನ್ನು ಅವಳ ಕಡೆ ಚಾಚಿದ.

"ತೊಳೆದಿದ್ದೀಯಾ?" ಅಂದಳು ಹೆಸ್ಟರ್. ಅದು ಕುರಿಯ ಯಾವ ತುದಿಗೆ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಎರಡು ಸಲ."

"ಮೂರನೇ ಸಲ ತೊಳ್ಕೊಂಡು ಬಾ."

ತೊಳೆದು ತಂದ. ಮೂವತ್ತೇಳು, ಕಾಳಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ. ಅವನು ಥರ್ಮಾಮೀಟರನ್ನೂ ಹೆಂಡತಿಯನ್ನೂ ನೋಡಿದ ರೀತಿ ಹೇಗಿತ್ತೆಂದರೆ, ಮದುವೆಯ ದಿನ ಚರ್ಚಿನಲ್ಲಿ ಕೂಡ ಅವನು ಅವಳನ್ನು ಹಾಗೆ ನೋಡಿರಲಿಲ್ಲ. ಹೆಸ್ಟರಳಿಗೆ ನಗುವೂ ಬಂತು, ಆ ಥರ್ಮಾಮೀಟರನ್ನು ಅವನ ತಲೆಯ ಮೇಲೆ ಮುರಿಯಬೇಕೆಂದೂ ಅನ್ನಿಸಿತು. ಅವನು ಮೂರು ತೋಟೆಗಳನ್ನು ಆರಿಸಿ, ತೂಗಿ, ಬೆವರು ತಾಗಬಾರದೆಂದು ತನ್ನ ಭಾನುವಾರದ ಕರವಸ್ತ್ರದಲ್ಲಿ ಸುತ್ತಿ ಕೊಟ್ಟ.

ಶನಿವಾರ ಇನ್ನೂ ಕತ್ತಲಿರುವಾಗ ಹೆಸ್ಟರ್ ಆ ಗಂಟನ್ನು ಒಳಂಗಿಯೊಳಗೆ ಎದೆಗೆ ಸೇರಿಸಿ, ಮೇಲೆ ಎರಡು ಸ್ವೆಟರ್, ಅದರ ಮೇಲೆ ಫ್ಲೋರಿಸನ ಹಳೆಯ ಕೋಟು ಹಾಕಿಕೊಂಡಳು. ದಿಬ್ಬದ ಎದುರು ಇಬ್ಬರೂ ಕಂಬಳಿ ಹಾಸಿ ಮಲಗಿದರು. ಕುರುಚಲು ಗಿಡಗಳೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬಿಳಿಯಾಗಿದ್ದವು. ಐವತ್ತೆಂಟು ವರ್ಷದ ಹೆಂಗಸು ತೋಟೆಗೆ ಕಾವು ಕೊಡುತ್ತ ಕಲ್ಲಿನ ಮೇಲೆ ಬೋರಲು ಬಿದ್ದಿದ್ದಾಳೆ, ತನ್ನ ತಾಯಿ ಇದನ್ನು ನೋಡಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸುತ್ತ ಹೆಸ್ಟರ್ ಹಲ್ಲು ಕಚ್ಚಿಕೊಂಡಿದ್ದಳು. ಪಕ್ಕದಲ್ಲಿ ಫ್ಲೋರಿಸ್ ಪಿಸುಗುಟ್ಟಿ, ಮೈಯನ್ನು ನೆಲಕ್ಕೆ ತಾಗಿಸಬೇಡ, ಬಿಸಿ ಇಳಿಯುತ್ತದೆ ಅಂದ. ಅವಳು ಉತ್ತರ ಕೊಟ್ಟಿದ್ದರೆ ನರಿ ಸದರ್ಲೆಂಡ್ ದಾಟಿ ಓಡಿರುತ್ತಿತ್ತು.

ಆಕಾಶ ಬೂದಿಯಾಗುವ ಹೊತ್ತಿಗೆ ಅದು ಬಂತು. ಅದೇ ಕಲ್ಲಿನ ಹತ್ತಿರ, ಮೂಗನ್ನು ಮಂದೆಯ ಕಡೆ ಹಿಡಿದು, ಅಡ್ಡಕ್ಕೆ ನಿಂತಿತು. ಫ್ಲೋರಿಸ್ ಕೈ ಚಾಚಿದ. ಹೆಸ್ಟರ್ ಕೋಟಿನೊಳಗೆ ಕೈಹಾಕಿ ಗಂಟು ಬಿಚ್ಚಿ ಒಂದು ತೋಟೆ ತೆಗೆದು ಅವನ ಅಂಗೈಗೆ ಇಟ್ಟಳು. ಆ ಚಳಿಯಲ್ಲಿ ಅದು ಆಗತಾನೇ ಇಟ್ಟ ಕೋಳಿಮೊಟ್ಟೆಯಷ್ಟು ಬೆಚ್ಚಗಿತ್ತು. ಅವನು ಅದನ್ನು ಕೋವಿಗೆ ತಳ್ಳಿದ, ಉಸಿರು ಬಿಟ್ಟ, ಅರ್ಧಕ್ಕೆ ನಿಲ್ಲಿಸಿದ. ಹೆಸ್ಟರಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದರಿಂದ ಕೋವಿ ಅಲ್ಲಾಡೀತೆಂದು ಅವಳಿಗೇ ಭಯವಾಯಿತು. ಬೇಲಿಯ ಆಚೆಯ ವಿಷ, ಬ್ಲೆಸ್‌ನ ನೊರೆ ಕಾರಿದ ಬಾಯಿ, ಎಂಟು ಕಿವಿ, ಎಲ್ಲ ಒಟ್ಟಿಗೇ ನೆನಪಾದವು.

ಈ ಸಲ ಮಣ್ಣು ಏಳಲಿಲ್ಲ. ನರಿ ನಿಂತಲ್ಲೇ ಮಡಿಸಿಕೊಂಡು ಬಿತ್ತು, ಕಾಲೂ ಆಡಿಸಲಿಲ್ಲ.

ಇಬ್ಬರೂ ನಡೆದು ಹೋದರು. ಫ್ಲೋರಿಸ್ ಅದರ ಪಕ್ಕ ಮೊಣಕಾಲೂರಿ ಕಣ್ಣಿನ ರೆಪ್ಪೆ ಮುಟ್ಟಿ ನೋಡಿದ. "ಇದಕ್ಕೆ ಗೊತ್ತೇ ಆಗಿಲ್ಲ," ಅಂದ. ಹೆಸ್ಟರ್ ಅವನ ಭುಜದ ಮೇಲೆ ಕೈ ಇಡಬೇಕೆಂದು ಮುಂದೆ ಬಂದಳು. ಅಷ್ಟರಲ್ಲಿ ಅವನು ಗುಂಡು ಹೊಕ್ಕ ಜಾಗದ ಪಕ್ಕ ಹೆಬ್ಬೆರಳು ಇಟ್ಟು ಅಳೆಯತೊಡಗಿದ.

"ಅರ್ಧ ಬೆರಳು ಎಡಕ್ಕೆ ಬಂದಿದೆ."

"ಫ್ಲೋರಿಸ್."

"ಒಂದು ಗುಂಡಿಂದ ಏನೂ ಗೊತ್ತಾಗಲ್ಲ, ಹೆಸ್ಟರ್. ಅದೃಷ್ಟವೂ ಇರಬಹುದು. ಐದು ಬೇಕು."

ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ತಿರುಗಿ ಮನೆಯ ಕಡೆ ನಡೆದಳು. ದಾರಿಯಲ್ಲಿ ಆಪೋಲ್ಸ್ ಮಾವ ಎದುರಾಗಿ, ಸದ್ದಾದ ಮೇಲೆ ನರಿ ಓಡಿದ್ದು ಕಾಣಿಸಲಿಲ್ಲ, ಅದಕ್ಕೇ ಒಳ್ಳೆಯ ಸುದ್ದಿ ಅಂದುಕೊಂಡೆ ಅಂದರು. ವೈನಾಂಟನಿಗೆ ಅವರೇ ಹೋಗಿ ಹೇಳಿಬಂದರು. ಅವನು ವಿಷ ಬೆರೆಸಿಟ್ಟಿದ್ದ ಮಾಂಸವನ್ನು ಆಳವಾಗಿ ಹೂಳಿಸಿ, ಮೇ‌ಲೆ ಕಲ್ಲು ಹೇರಿಸಿಯೇ ವಾಪಸು ಬಂದರಂತೆ. ಅವರ ಎರಡು ನಾಯಿಗಳೂ ಹಿಂದೆಯೇ ಇದ್ದವು.

ಹೆಸ್ಟರ್ ಎಂಟು ಕಿವಿಗಳನ್ನು ಕಿಟಕಿಯ ಕಟ್ಟೆಯಿಂದ ತೆಗೆದು ಒಲೆಗೆ ಹಾಕಿ, ಕಟ್ಟೆ ಒರೆಸಿದಳು. ಕಾಫಿ ಕಾಯಿಸಿದಳು. ಫ್ಲೋರಿಸ್ ಬಂದು ಕೋವಿ ಒರೆಸಿಟ್ಟು, ಅಡುಗೆಮನೆಯ ಮೇಜಿನಲ್ಲಿ ಕೂತು ಏನೋ ಬರೆದು, ಪುಸ್ತಕವನ್ನು ತೆರೆದಿಟ್ಟೇ ಕೈ ತೊಳೆಯಲು ಹೋದ. ಅವಳು ಬಟ್ಟಲು ಇಡಲು ಜಾಗ ಮಾಡಲೆಂದು ಪುಸ್ತಕವನ್ನು ಸರಿಸಿದಳು. ಹೊಸ ಪುಟ. ದಿನ: ಶನಿವಾರ. ಗಾಳಿ: ಇಲ್ಲ. ಬಿಸಿ ಅನ್ನುವಲ್ಲಿ ಅವನು ಅಂಕಿ ಬರೆದಿರಲಿಲ್ಲ. ಹೆಸ್ಟರ್ ಎಂದು ಬರೆದಿದ್ದ. ಕೆಳಗೆ ಒಂದೇ ಚುಕ್ಕಿ, ನಾಲ್ಕರ ಜಾಗ ಖಾಲಿ.

ಅವಳು ಅದನ್ನು ಎರಡು ಸಲ ಓದಿದಳು. ಮುಠ್ಠಾಳ ಅಂದುಕೊಂಡಳು, ಕಣ್ಣು ಒರೆಸಿಕೊಂಡಳು, ಮತ್ತೆ ಮುಠ್ಠಾಳ ಅಂದುಕೊಂಡಳು. ಆಗಲೇ ಅವಳಿಗೆ ನೆನಪಾದದ್ದು. ಒಳಂಗಿಗೆ ಕೈಹಾಕಿ ಕರವಸ್ತ್ರದ ಗಂಟನ್ನು ತೆಗೆದು ಬಿಚ್ಚಿದಳು. ಮಿಕ್ಕ ಎರಡು ತೋಟೆಗಳು ಇನ್ನೂ ಬೆಚ್ಚಗೇ ಇದ್ದವು.

ಫ್ಲೋರಿಸ್ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

"ಇಲ್ಲಿ ಎರಡಿವೆ," ಅಂದಳು ಹೆಸ್ಟರ್. "ಇನ್ನೆರಡು ಕೊಡು. ನಾಳೆ ಬೆಳಿಗ್ಗೆ ಹಲಗೆಗೆ ಹೊಡಿ. ಐದು ಆದ್ಮೇಲೆ ಈ ವರ್ಷ ನನ್ನ ಮುಂದೆ ಮದ್ದಿನ ಮಾತು ಎತ್ತಬಾರ್ದು."

ಅವನು ಸಂತೋಷದಿಂದ ಓಣಿಗೆ ಹೋಗಿ ಎರಡು ತೋಟೆ ಆರಿಸಿ ತಂದ. ಉಗ್ರಾಣದ ಕಡೆ ತಿರುಗಿದ.

"ತೂಗಬೇಡ. ಹಾಗೇ ಕೊಡು."

ಫ್ಲೋರಿಸ್ ಉಗ್ರಾಣದೊಳಗಿನ ತಕ್ಕಡಿಯನ್ನು ಒಂದು ಸಲ ನೋಡಿದ. ಆಮೇಲೆ ಬಂದು, ಅವಳು ಚಾಚಿದ ಕೈಗೆ ಎರಡನ್ನೂ ತೂಗದೆ ಇಟ್ಟ.